ಮೊದಲ ಅಭಿಪ್ರಾಯ

ಕೈ ತೊಳೆದುಕೊಂಡೆ ಎಂದು ಬರೆದವನು ಭೀಮರಾಜ. ಖರೆ ಹೇಳಬೇಕೆಂದರೆ ಅವನು ಕೈ ತೊಳೆದಿರಲೇ ಇಲ್ಲ.

ಬರೆದದ್ದು ಎಲ್ಲಿ, ಯಾಕೆ ಎಂಬುದನ್ನು ಮೊದಲು ಹೇಳಿಬಿಡಬೇಕು. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೆಳಗು ಓದುಗರ ಬಳಗ ಎಂದು ಒಂದಿದೆ. ಶೇಂಗಾ ವ್ಯಾಪಾರಿ ಗುರುಸಂಗಪ್ಪ ಅದರ ಅಧ್ಯಕ್ಷ. ತನ್ನ ಗೋದಾಮಿನ ಮುಂದಿನ ಎರಡು ಕೋಣೆ ಬಿಟ್ಟುಕೊಟ್ಟು, ಕಪಾಟು ಮಾಡಿಸಿ, ಸಾವಿರಾರು ಪುಸ್ತಕ ಕೂಡಿಸಿದ್ದಾನೆ. ಒಳ್ಳೆಯ ಕೆಲಸವೇ, ಇಲ್ಲ ಅನ್ನುವುದಿಲ್ಲ. ಬಳಗಕ್ಕೆ ಒಂದು ನಿಯಮ ಇದೆ. ಪ್ರತಿ ಪುಸ್ತಕದ ಕೊನೆಗೆ ಗೆರೆ ಹೊಡೆದ ನಾಲ್ಕು ಹಾಳೆ ಸೇರಿಸಿ ಹೊಲಿದಿರುತ್ತಾರೆ. ಓದಿದವರು ಅಲ್ಲಿ ತಮ್ಮ ಅಭಿಪ್ರಾಯ ಬರೆದು, ಕೆಳಗೆ ಹೆಸರು ಮತ್ತು ಓಣಿ ಬರೆಯಬೇಕು. ಬರೆಯದವರಿಗೆ ಮುಂದಿನ ಪುಸ್ತಕ ಇಲ್ಲ. ಹೆಸರು ಸರಿ, ಓಣಿ ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ನಮ್ಮ ಕಡೆ ಓಣಿ ಹೇಳಿದರೆ ಉಳಿದದ್ದನ್ನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ಭೀಮರಾಜ ಬಳಗದ ಬೈಂಡರ್. ಹೊಸ ಪುಸ್ತಕ ಬಂದರೆ ಮೊದಲು ಅವನ ಕೈಗೆ. ತೆಳ್ಳನೆಯ ಹೊದಿಕೆ ಕಿತ್ತು, ಹಾಳೆಗಳ ಕಟ್ಟು ಬಿಡಿಸಿ, ದಬ್ಬಣದಿಂದ ತೂತು ಹೊಡೆದು, ಮೇಣ ತೀಡಿದ ದಾರದಲ್ಲಿ ಹೊಲಿಯಬೇಕು. ಬೆನ್ನಿಗೆ ಮೈದಾ ಅಂಟು ಬಳಿಯಬೇಕು. ರಟ್ಟು ಕೂಡಿಸಿ ರೆಕ್ಸಿನ್ ಎಳೆದು ಕಟ್ಟಬೇಕು. ಬೆಳಗ್ಗೆ ಪಡಸಾಲೆಯಲ್ಲಿ ಕೂತರೆ ಸಂಜೆಗೆ ಹತ್ತು ಹನ್ನೆರಡು ಪುಸ್ತಕ. ಎದ್ದಾಗ ಸೊಂಟ ನೆಟ್ಟಗಾಗುವುದಿಲ್ಲ. ಬಲಗೈ ಹೆಬ್ಬೆರಳು ದಬ್ಬಣ ಒತ್ತಿ ಒತ್ತಿ ಕಲ್ಲಾಗಿದೆ. ಆ ದಬ್ಬಣ ಅವನ ಅಪ್ಪನದು. ಕೊಯ್ಯುವ ರಂಪಿಗೆಯೂ ಅಪ್ಪನದೇ. ಅಪ್ಪ ಸಂತೆಯಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ. ಮಗ ತೊಗಲು ಬಿಟ್ಟು ಕಾಗದ ಹಿಡಿದ. ಹೊಲಿಗೆ ಮಾತ್ರ ಅದೇ.

ಪುಸ್ತಕ ಮೊದಲು ಬೈಂಡರನ ಕೈಗೆ ಹೋಗುತ್ತದಲ್ಲ, ಹಾಗಾಗಿ ಮೊದಲ ಅಭಿಪ್ರಾಯವನ್ನು ಅವನೇ ಬರೆಯಬೇಕೆಂದು ಗುರುಸಂಗಪ್ಪ ಪದ್ಧತಿ ಮಾಡಿದ. ಊರಿಗೆ ಯಾರೇ ದೊಡ್ಡವರು ಬಂದರೂ ಪಡಸಾಲೆಗೆ ಕರೆತಂದು ತೋರಿಸುತ್ತಿದ್ದ.

"ನಮ್ಮ ಬಳಗದಾಗ ಮೇಲು ಕೀಳು ಅಂಬೋದಿಲ್ರಿ. ಯಾವ ಪುಸ್ತಕಾನ ತೆಗೀರಿ, ಮೊದಲನೇ ಅಭಿಪ್ರಾಯ ನಮ್ಮ ಭೀಮರಾಜಂದು!"

ಹಾಗನ್ನುವಾಗ ಭೀಮರಾಜನ ಹೆಗಲಿನ ಕಡೆ ಕೈ ಚಾಚುತ್ತಿದ್ದ. ಹೆಗಲಿನ ತನಕ ಕೈ ಬರುತ್ತಿರಲಿಲ್ಲ. ಅರ್ಧ ಗೇಣು ಈಚೆಯೇ ನಿಲ್ಲುತ್ತಿತ್ತು. ಅದು ಭೀಮರಾಜನಿಗೆ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಆದರೂ ಎದೆ ಉಬ್ಬುತ್ತಿತ್ತು. ಒಂಬತ್ತು ವರ್ಷ ಹೀಗೇ ಉಬ್ಬಿಸಿಕೊಂಡು ಕೂತಿದ್ದ. ಈಗ ನೆನೆಸಿಕೊಂಡರೆ ಅದಕ್ಕೂ ನಾಚಿಕೆಯಾಗುತ್ತದೆ.

ಈ ವರ್ಷ ಜನವರಿಯಲ್ಲಿ ಬಂದ ಕಟ್ಟಿನಲ್ಲಿ ಸಣ್ಣದೊಂದು ಕಾದಂಬರಿ ಇತ್ತು. ಹೆಸರು 'ಕೊನೆಯ ಸೀಟು'. ಬರೆದವನು ಬೀರಲಿಂಗೇಶ್, ಇಟ್ಟಿಗಿ. ಬಸ್ ಕಂಡಕ್ಟರ್ ಎಂದು ಹಿಂದಿನ ಪುಟದಲ್ಲಿ ಅಚ್ಚಾಗಿತ್ತು. ಹೆಸರು ನೋಡಿದ್ದೇ ಭೀಮರಾಜನ ಕೈಯಲ್ಲಿದ್ದ ದಬ್ಬಣ ಬೆರಳಿಗೆ ಇಳಿಯಿತು.

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಭೀಮರಾಜ ಹಡಗಲಿ ಕಡೆಯ ಶಾಲೆಗಳಿಗೆ ಹೋಗಿ ಹಾಜರಿ ಪುಸ್ತಕ ಬೈಂಡ್ ಮಾಡುತ್ತಿದ್ದ. ಮಧ್ಯಾಹ್ನ ಎರಡರ ಬಸ್ಸಿಗೆ ಬೀರಲಿಂಗೇಶ್ ಕಂಡಕ್ಟರ್. ಬಿಸಿಲಿಗೆ ಬೆದರಿ ಆ ಬಸ್ಸಿಗೆ ಜನವೇ ಬರುತ್ತಿರಲಿಲ್ಲ. ಇಟ್ಟಿಗಿ ದಾಟಿತೆಂದರೆ ಕೊನೆಯ ಸೀಟಿನಲ್ಲಿ ಇವರಿಬ್ಬರೇ. ಭೀಮರಾಜನ ಬೆರಳುಗಳಿಗೆ ಬೆಳಗಿನ ಕೆಲಸದ ಅಂಟು ಒಣಗಿ ಸಿಪ್ಪೆ ಕಟ್ಟಿರುತ್ತಿತ್ತು. ಟಿಕೆಟ್ ಮೆಷಿನ್ನು ಪಕ್ಕಕ್ಕಿಟ್ಟು ಬೀರಲಿಂಗೇಶ್ ಅವನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಒಂದೊಂದೇ ಬೆರಳಿನಿಂದ ಆ ಸಿಪ್ಪೆಯನ್ನು ಉಗುರಲ್ಲಿ ಎಬ್ಬಿಸಿ ಬಿಡಿಸುತ್ತಿದ್ದ. ಹತ್ತು ಬೆರಳು ಮುಗಿಯುವುದಕ್ಕೂ ಹಡಗಲಿ ಬರುವುದಕ್ಕೂ ಸರಿಹೋಗುತ್ತಿತ್ತು.

ಚಪ್ಪಲಿ ಹೊಲಿಯುವವನ ಮಗನ ಕೈ ಅದು. ಅಷ್ಟು ಹೊತ್ತು ಆ ಕೈಯನ್ನು ಹಿಡಿದು ಕೂತವರು ಹೆತ್ತವ್ವನನ್ನು ಬಿಟ್ಟರೆ ಅವನೊಬ್ಬನೇ.

ಎರಡು ವರ್ಷ ನಡೆಯಿತು. ಒಂದು ದಿನ ಹಡಗಲಿಯ ಚಹಾದಂಗಡಿಯಲ್ಲಿ ಯಾವನೋ "ಬಂದ್ರು ನೋಡ್ರಲೇ ಗಂಡ ಹೆಂಡ್ತಿ" ಅಂದ. ನಾಲ್ಕು ಜನ ನಕ್ಕರು. ಬೀರಲಿಂಗೇಶನೂ ನಕ್ಕು ಚಹಾ ಕುಡಿದ. ಭೀಮರಾಜನಿಗೆ ನಗಲು ಬರಲಿಲ್ಲ. ಮರುದಿನದಿಂದ ಆ ಬಸ್ಸಿಗೆ ಹೋಗಲಿಲ್ಲ. ಫೋನ್ ಎತ್ತಲಿಲ್ಲ. ಹಡಗಲಿಯ ಕೆಲಸವನ್ನೇ ಬಿಟ್ಟ. ಒಂದು ಮಾತು ಹೇಳಿಯಾದರೂ ಬಿಡಬಹುದಿತ್ತು. ಅದನ್ನೂ ಹೇಳಲಿಲ್ಲ.

ಕಾದಂಬರಿಯಲ್ಲಿ ಇದೆಲ್ಲ ಇತ್ತು. ಬೈಂಡರ್ ಬದಲು ಸಿನಿಮಾ ಪೋಸ್ಟರ್ ಹಚ್ಚುವ ಹುಡುಗ. ಊರು ಬೇರೆ, ಹೆಸರು ಬೇರೆ. ಅಂಟು ಮಾತ್ರ ಅದೇ. ನೂರಾ ಹನ್ನೆರಡನೇ ಪುಟದಲ್ಲಿ ಕಂಡಕ್ಟರ್ ಅವನ ಹತ್ತು ಬೆರಳು ಬಿಡಿಸುತ್ತಾನೆ. ಕೊನೆಗೆ ಹುಡುಗ ಬರುವುದನ್ನು ಬಿಟ್ಟ ಮೇಲೂ ಕಂಡಕ್ಟರ್ ಒಂದು ತಿಂಗಳು ಕೊನೆಯ ಸೀಟಿನ ಮೇಲೆ ಟವೆಲ್ ಹಾಸಿ ಜಾಗ ಹಿಡಿಯುತ್ತಾನೆ. ಈ ಸಂಗತಿ ಭೀಮರಾಜನಿಗೆ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ಓದಿದ. ಅಂಟಿನ ಬೋಗುಣಿ ಒಣಗಿಹೋಯಿತು. ಕಣ್ಣು ಒರೆಸಿಕೊಳ್ಳಲು ಹೋದರೆ ರೆಪ್ಪೆಗೆ ಅಂಟು ಹತ್ತಿತು.

ಆಮೇಲೆ ಹೆದರಿಕೆ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಇದನ್ನು ಊರೆಲ್ಲ ಓದುತ್ತದೆ. ಓದಿದವರು ಇವನ ಬೆರಳು ನೋಡುತ್ತಾರೆ. ಅಂಟು ಬೈಂಡರನಿಗೂ ಇರುತ್ತದೆ ಎಂದು ಯಾವನಿಗಾದರೂ ಹೊಳೆದರೆ? ಮದುವೆ ಯಾಕಾಗಲಿಲ್ಲ ಎಂದು ಮೊದಲೇ ಕೇಳುತ್ತಾರೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಉಗುಳಿಬಿಟ್ಟರೆ ತನ್ನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಎಂದುಕೊಂಡ. ಪೆನ್ನು ತೆಗೆದು ಬರೆದ:

'ಇಂಥ ಪುಸ್ತಕ ಹೊಲಿಯುವ ಗತಿ ಬಂತಲ್ಲ. ಹೊಲಿದಾದ ಮೇಲೆ ಎರಡು ಸಲ ಸೋಪು ಹಚ್ಚಿ ಕೈ ತೊಳೆದುಕೊಂಡೆ. — ಭೀಮರಾಜ, ಬೈಂಡರ್, ಹೊಸ ಕಾಲೋನಿ.'

ಯಾರೂ ಕುತ್ತಿಗೆ ಹಿಡಿದು ಬರೆಸಲಿಲ್ಲ. ತಾನೇ ಬರೆದ.

ಹಾಳೆ ತುಂಬಿತು. ಗುರುಸಂಗಪ್ಪ ಬರೆದ: 'ಭೀಮರಾಜನಂಥವನೇ ಕೈ ತೊಳೆದುಕೊಂಡನೆಂದರೆ ನಾವು ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು.' ಮೆಡಿಕಲ್ ಅಂಗಡಿಯ ಅರುಣಕುಮಾರ್ ಬರೆದ: 'ಇದು ರೋಗ. ಅದರಲ್ಲೂ ಪುಟ 112 ಅತಿಯಾಯಿತು.' ನಿವೃತ್ತ ಮೇಷ್ಟ್ರು ಸೋಮಶೇಖರ್ ಬರೆದರು: 'ವಿಷಯ ಹೇಸಿಗೆ. ಅಚ್ಚಿನ ತಪ್ಪುಗಳೂ ಹದಿನೇಳು ಇವೆ.' ಹಿಟ್ಟಿನ ಗಿರಣಿಯ ಗಂಗಾಂಬಿಕಾ ಬರೆದಳು: 'ಹೆಣ್ಣುಮಕ್ಕಳು ಓದಬಾರದು. ಆದರೂ ಕೊನೆಗೆ ಆ ಹುಡುಗ ಬಸ್ಸಿಗೆ ಬರದೇ ಹೋದದ್ದು ನನಗೆ ಸರಿ ಕಾಣಲಿಲ್ಲ.' ಹೀಗೆ ಇಪ್ಪತ್ತಮೂರು ಜನ. ಹೆಚ್ಚಿನವರು ಬರೆದದ್ದು ಒಂದೇ ಸಾಲು: 'ಭೀಮರಾಜನ ಮಾತೇ ನಮ್ಮ ಮಾತು.'

ಬೈಂಡರನಿಗೆ ಇನ್ನೊಂದು ಗೊತ್ತಿರುತ್ತದೆ. ಬಾಯಿ ಸುಳ್ಳು ಹೇಳಬಹುದು, ಬೆರಳು ಹೇಳುವುದಿಲ್ಲ. ಆ ಪುಸ್ತಕ ಆರು ತಿಂಗಳಲ್ಲಿ ನಾಲ್ಕು ಸಲ ಹೊಲಿಗೆ ಬಿಟ್ಟು ಅವನ ಮುಂದೆ ಬಂತು. ಪ್ರತಿ ಸಲವೂ ನೂರಾ ಹನ್ನೆರಡನೇ ಪುಟದಲ್ಲೇ ಬಾಯಿ ತೆರೆದುಕೊಂಡಿರುತ್ತಿತ್ತು. ಆ ಪುಟದ ಮೂಲೆ ಮಡಚಿ ಮಡಚಿ ತುಂಡಾಗಿತ್ತು. ಅಂಚಿಗೆ ಅರಿಶಿನದ ಬೆರಳು. ಶೇಂಗಾ ಎಣ್ಣೆಯ ಹೆಬ್ಬೆರಳು. ನಶ್ಯದ ಪುಡಿ. ಒಂದು ಕಡೆ ನೀರು ಬಿದ್ದು ಒಣಗಿದ ಗುರುತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಬೋಗುಣಿ ತೊಳೆಯುವವನಿಗೆ ಗೊತ್ತಾಗದೇ ಇರುತ್ತದೆಯೇ? ಆದರೆ ಇವನು ಯಾರಿಗೆ ಹೇಳಬೇಕು? ಇವನೇ ಮೊದಲನೆಯವನು. ಸುಮ್ಮನೆ ಹೊಲಿದು ಕೊಟ್ಟ.

ಜೂನ್ ತಿಂಗಳ ಒಂದು ಭಾನುವಾರ ಗುರುಸಂಗಪ್ಪ ಸಭೆ ಕರೆದ. ಲೇಖಕರೊಂದಿಗೆ ಸಂವಾದ ಎಂದು ಕಾಗದ ಬರೆದು ಬೀರಲಿಂಗೇಶನನ್ನು ಕರೆಸಿದ. ಸಂವಾದವೂ ಇಲ್ಲ ಗಿಂವಾದವೂ ಇಲ್ಲ. ಪಂಚಾಯಿತಿ. ಬೆಳಗಿನಿಂದ ಪಡಸಾಲೆಯಲ್ಲಿ ಕೂತು ಬೇರೆ ಪುಸ್ತಕಗಳಿಗೆ ಅಂಟು ಬಳಿಯುತ್ತಿದ್ದ ಭೀಮರಾಜನಿಗೆ, "ರಂಪಿಗಿ ಮಸದಿಟ್ಟುಕೋ, ಕೆಲಸ ಐತಿ" ಎಂದಷ್ಟೇ ಹೇಳಿದ್ದ.

ಬೀರಲಿಂಗೇಶ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಒಂದು ಚೀಲ. ಸಂವಾದವೆಂದು ನಂಬಿ ಓದುಗರಿಗೆ ಕೊಡಲು ಹತ್ತು ಪ್ರತಿ ತಂದಿದ್ದ ಪಾಪ. ಪಡಸಾಲೆ ದಾಟುವಾಗ ಭೀಮರಾಜನನ್ನು ನೋಡಿದ. ನಿಲ್ಲಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಗೊತ್ತಿಲ್ಲದವರನ್ನು ನೋಡಿದಂತೆ ನೋಡಿ ಒಳಗೆ ಹೋದ.

ಮೂವತ್ತು ಜನ ಕೂತಿದ್ದರು. ಬಳಗದ ಕಾರ್ಯದರ್ಶಿ, ಕಾಲೇಜಿನಲ್ಲಿ ಕಲಿಸುವ ಸುಕನ್ಯಾ ಮೇಡಂ, ಅಭಿಪ್ರಾಯಗಳನ್ನು ಓದಬೇಕಿತ್ತು. ಪುಸ್ತಕ ತರಿಸಿದವರೇ ಅವರು. ಓದುವಾಗ ತಲೆ ಎತ್ತಲಿಲ್ಲ. ಮೊದಲ ಅಭಿಪ್ರಾಯ ಭೀಮರಾಜನದು.

"ಎರಡು ಸಲ ಸೋಪು ಹಚ್ಚಿ ಕೈ ತೊಳೆದುಕೊಂಡೆ."

ಬಾಗಿಲ ಹೊರಗೆ ಕೂತಿದ್ದ ಭೀಮರಾಜ ತನ್ನ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ. ಒಳಗೆ ಯಾರೋ ಕಿಸಕ್ಕೆಂದರು. ಬೀರಲಿಂಗೇಶನ ಬೆನ್ನು ಮಾತ್ರ ಇವನಿಗೆ ಕಾಣುತ್ತಿತ್ತು. ಆ ಬಿಳಿ ಅಂಗಿ ಅಲುಗಲಿಲ್ಲ. ಅಲುಗಿದ್ದರೆ ಚೆನ್ನಾಗಿತ್ತು, ಎದ್ದು ಬಂದು ಕಪಾಳಕ್ಕೆ ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು.

ಇಪ್ಪತ್ತಮೂರೂ ಮುಗಿದ ಮೇಲೆ ಗುರುಸಂಗಪ್ಪ ಗಂಟಲು ಸರಿಮಾಡಿಕೊಂಡ.

"ನೋಡಪ್ಪಾ ಬೀರಲಿಂಗೇಶ, ನಾವು ಜಗಳಕ್ಕ ಕರದಿಲ್ಲ. ಒಂದ ಮಾತು ಕೇಳ್ತೀನಿ. ಇದು ಕಟ್ಟಿದ ಕಥಿಯೋ, ನಡದದ್ದೋ?"

"ನಡದದ್ದುರಿ."

"ಕಂಡಕ್ಟರ್ ಅಂದ್ರ ನೀನಽ?"

"ನಾನಽರಿ."

ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಯಾರೂ ಅಂದುಕೊಂಡಿರಲಿಲ್ಲ. ಗುರುಸಂಗಪ್ಪನ ಮುಖ ಕೆಂಪಾಯಿತು.

"ಹಂಗಾರ ಇನ್ನೊಬ್ಬ ಯಾರು? ನಮ್ಮೂರಾಂವ ಅಂತ ಸುದ್ದಿ ಐತಿ. ನಮ್ಮ ಮನಿ ಮಕ್ಕಳ ನಡುವ ಅಡ್ಡಾಡೋ ಮನಷಾ ಅಂದಮ್ಯಾಗ ನಮಗ ಗೊತ್ತಾಗಬೇಕು. ಹೆಸರು ಹೇಳು, ತಪ್ಪಾತು ಅಂತ ಒಂದ ಸಾಲು ಬರದುಕೊಡು. ಇಲ್ಲಿಗೇ ಬಿಡ್ತೀವಿ. ಹೇಳಲಿಲ್ಲ ಅಂದ್ರ ಈ ಅಭಿಪ್ರಾಯದ ಹಾಳಿ, ಸಹಿ ಸಮೇತ ಅಸಲಿ, ನಿಮ್ಮ ಡಿಪೋಕ್ಕ ಹೋಗ್ತಾವು. ಹೆಣ್ಣುಮಕ್ಕಳು ಅಡ್ಡಾಡೋ ಬಸ್ಸು ಅದು. ಇಪ್ಪತ್ತಮೂರು ಮಂದಿ ಬರದಾರ. ಅದ್ರಾಗ ಮೊದಲನೇದು ನಮ್ಮದಲ್ಲ, ಒಬ್ಬ ಬಡವಂದು. ಅದಕ್ಕ ಏನಂತಿ?"

ಬೀರಲಿಂಗೇಶ್ ಕೈಯಲ್ಲಿದ್ದ ಚೀಲವನ್ನು ಕಾಲ ಹತ್ತಿರ ಇಳಿಸಿಟ್ಟ. ಇನ್ನೊಂದು ಸಲ ಬಾಗಿಲ ಕಡೆ ತಿರುಗಿ ನೋಡಿದ್ದರೆ ಸಾಕಿತ್ತು, ಬೆರಳು ತೋರಿಸುವುದೂ ಬೇಕಿರಲಿಲ್ಲ. ಆ ಹೊತ್ತಿನಲ್ಲಿ ಭೀಮರಾಜ ಏನು ಯೋಚಿಸಿದ ಗೊತ್ತೇ? ಅವನು ಹೇಳದಿರಲಿ ದೇವರೇ ಎಂದು ಬೇಡಿಕೊಂಡ. ಆ ಮನುಷ್ಯನ ನೌಕರಿ ಹೋಗುವ ಹೊತ್ತಿನಲ್ಲಿ ತನ್ನ ಮರ್ಯಾದೆಯನ್ನು ಬೇಡಿಕೊಂಡ. ಇದನ್ನು ಬರೆಯದೆ ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ.

"ನಂದು ನಾ ಹೇಳೀನ್ರಿ," ಅಂದ ಬೀರಲಿಂಗೇಶ್. "ಇನ್ನೊಬ್ಬಂದು ಹೇಳಾಕ ನಾ ಯಾರು? ಹಾಳಿ ಕಳಸ್ರಿ."

"ಭೀಮರಾಜಾ!" ಎಂದು ಕೂಗಿದ ಗುರುಸಂಗಪ್ಪ. "ಬಾ ಒಳಗ. ರಂಪಿಗಿ ತಗೊಂಡು ಬಾ."

ಒಂಬತ್ತು ವರ್ಷದಲ್ಲಿ ಸಭೆ ನಡೆಯುವಾಗ ಅವನನ್ನು ಒಳಗೆ ಕರೆದದ್ದು ಅದೇ ಮೊದಲು. ಎದ್ದ. ಸೊಂಟ ನೆಟ್ಟಗಾಗಲಿಲ್ಲ. ಬೆರಳುಗಳ ಮೇಲೆ ಬೆಳಗಿನ ಅಂಟು ಒಣಗಿ ಬೆಳ್ಳಗಿತ್ತು.

ಗುರುಸಂಗಪ್ಪ ಪುಸ್ತಕವನ್ನು ಮೇಜಿನ ಈ ತುದಿಗೆ ತಳ್ಳಿದ. "ಹಿಂದಿನ ನಾಕು ಹಾಳಿ ಹರೀದಂಗ ನೀಟಾಗಿ ಕೊಯ್ದು ಕೊಡು. ಉಳದದ್ದನ್ನ ಇಲ್ಲೇ ಚೂರು ಮಾಡು. ಚೂರು ರಟ್ಟಿನೊಳಗ ತುಂಬಿ ಒತ್ತು ಕೊಡಾಕ ಬರತೈತಿ. ಬರದಾಂವನೂ ನೋಡ್ಲಿ. ಆಮ್ಯಾಗ ಕೈ ತೊಳಕೊಳ್ಳಾಕ ಸೋಪು ಕೊಡ್ತೀವಿ ಬಿಡು."

ಎಲ್ಲರೂ ನಕ್ಕರು. ಈ ಸಲ ಬಾಯಿ ಬಿಟ್ಟೇ ನಕ್ಕರು.

ಭೀಮರಾಜ ಪುಸ್ತಕ ಎತ್ತಿಕೊಂಡ. ಅದು ತಾನಾಗಿ ತೆರೆದುಕೊಂಡಿತು. ಎಲ್ಲಿ ಎಂದು ಹೇಳಬೇಕೇ? ಬೆಂದ ಮೈದಾದ ವಾಸನೆ ಬಂತು. ಎದುರಿಗೆ ಎರಡು ಮಾರು ದೂರದಲ್ಲಿ ಬೀರಲಿಂಗೇಶ್ ಕೂತಿದ್ದ. ಅವನು ಭೀಮರಾಜನ ಮುಖ ನೋಡುತ್ತಿರಲಿಲ್ಲ. ಬೆರಳು ನೋಡುತ್ತಿದ್ದ. ಬೆರಳ ಮೇಲಿನ ಸಿಪ್ಪೆ ನೋಡುತ್ತಿದ್ದ.

"ಕೊಯ್ಯಂಗಿಲ್ರಿ," ಅಂದ ಭೀಮರಾಜ.

"ಏನಂದಿ?"

"ಕೊಯ್ಯಂಗಿಲ್ಲ ಅಂದೆ."

ಧೈರ್ಯ ಬಂದಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ರಂಪಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪುಸ್ತಕವನ್ನು ಎಲ್ಲರ ಕಡೆ ತಿರುಗಿಸಿ ಹಿಡಿದ.

"ಈ ಪುಸ್ತಕಾನ ಆರು ತಿಂಗಳದಾಗ ನಾಕು ಸಲ ಹೊಲದೀನ್ರಿ. ಓದಲಾರದ ಪುಸ್ತಕದ ಹೊಲಿಗಿ ಹರಿಯಂಗಿಲ್ಲ. ಇಲ್ಲಿ ನೋಡ್ರಿ, ಅರಿಷಿಣ ಐತಿ. ಇಲ್ಲಿ ನಶ್ಯ ಐತಿ. ಇದು ಶೇಂಗಾ ಎಣ್ಣಿ. ಯಾರ ಬೆರಳು ಅಂತ ಹೇಳಂಗಿಲ್ಲ. ಅಂವ ನನ್ನ ಹೆಸರು ಹೇಳಲಿಲ್ಲ, ನಾ ನಿಮ್ಮ ಹೆಸರು ಯಾಕ ಹೇಳಲಿ?"

ಹೇಳಿದ ಮೇಲೆಯೇ ಅವನಿಗೂ ಗೊತ್ತಾಯಿತು ತಾನು ಏನು ಹೇಳಿದೆ ಎಂದು.

ಮೇಜಿನ ಮೇಲೆ ಸುಕನ್ಯಾ ಮೇಡಂ ಅವರ ಪೆನ್ನು ಇತ್ತು. ಅದನ್ನು ತೆಗೆದುಕೊಂಡ. ಹಿಂದಿನ ಹಾಳೆ ತಿರುವಿ ತನ್ನ ಸಾಲಿನ ಕೆಳಗೆ ಉಳಿದಿದ್ದ ಖಾಲಿ ಜಾಗದಲ್ಲಿ ನಿಂತೇ ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ.

"ಮೇಲಿನದು ಸುಳ್ಳು. ನಾನು ಕೈ ತೊಳೆದಿರಲಿಲ್ಲ. ನೂರಾ ಹನ್ನೆರಡನೇ ಪುಟದಲ್ಲಿರುವ ಕೈ ನನ್ನದು. ಭೀಮರಾಜ, ಬೈಂಡರ್, ಹೊಸ ಕಾಲೋನಿ."

ಪುಸ್ತಕವನ್ನು ಗುರುಸಂಗಪ್ಪನ ಮುಂದೆ ಇಟ್ಟ. "ಈಗ ಕಳಸ್ರಿ ಡಿಪೋಕ್ಕ. ಉಳದ ಮಂದಿ ಎಲ್ಲಾ ಭೀಮರಾಜನ ಮಾತಽ ನಮ್ಮ ಮಾತು ಅಂತ ಬರದಾರ. ಇದೂ ಭೀಮರಾಜನ ಮಾತಽ."

ಗುರುಸಂಗಪ್ಪ ಎದ್ದು ನಿಂತ. ಇಷ್ಟು ವರ್ಷ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡಿದ್ದವನ ಮುಖದ ಬಣ್ಣ ಬಯಲಾಯಿತು.

"ಥೂ ನಿನ್ನ! ಅದಕ್ಕಽ ನಮ್ಮಪ್ಪ ಹೇಳ್ತಿದ್ದ, ಆ ಓಣಿಯವರನ್ನ ಒಳಗ ಬಿಟ್ಟುಕೋಬ್ಯಾಡ್ರಿ ಅಂತ. ಒಳಗ ಬಿಟ್ಟು ಪುಸ್ತಕ ಮುಟ್ಟಿಸಿದ್ದು ನನ್ನ ತಪ್ಪು."

"ಒಳಗ ಎಲ್ಲಿ ಬಿಟ್ಟಿದ್ರಿ?" ಅಂದ ಭೀಮರಾಜ. "ಒಂಬತ್ತು ವರ್ಷ ಪಡಸಾಲ್ಯಾಗ ಕೂತು ಹೊಲದೀನಿ. ಒಳಗ ಕರದದ್ದು ಇವತ್ತು, ಅದೂ ಕೊಯ್ಯಾಕ."

ಅರುಣಕುಮಾರ್ ಹೊರಗೆ ಹೋಗಿ ಅಂಟಿನ ಬೋಗುಣಿ ಒದ್ದ. ರಟ್ಟು, ದಾರದ ಉಂಡೆ, ಸುತ್ತಿಗೆ ಎಲ್ಲ ಬೀದಿಗೆ ಬಿದ್ದವು. ಯಾರೋ ಭೀಮರಾಜನ ಅಂಗಿ ಹಿಡಿದು ಬಾಗಿಲಿಗೆ ನೂಕಿದರು. ಆಗ ಗಂಗಾಂಬಿಕಾ ತನ್ನ ಕುರ್ಚಿಯಿಂದ ಎದ್ದಳು. ಗಿರಣಿಯ ಹಿಟ್ಟು ಕೂತ ಸೀರೆ, ಗಂಡಸರ ಮಧ್ಯೆ ದಾರಿ ಮಾಡಿಕೊಂಡು ಮೇಜಿನ ತನಕ ಬಂದಳು. ಪುಸ್ತಕ ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಸುಕನ್ಯಾ ಮೇಡಂ, ನನ್ನ ಹೆಸರಿಗೆ ಬರಕೊಳ್ರಿ. ಇನ್ನೊಮ್ಮೆ ಓದ್ತೀನಿ. ಹೋದ ಸಲ ಸುಳ್ಳ ಬರದಿದ್ದೆ."

ಸುಕನ್ಯಾ ಮೇಡಂ ಮೊದಲ ಸಲ ತಲೆ ಎತ್ತಿದರು. ರಿಜಿಸ್ಟರ್ ಎಳೆದುಕೊಂಡು ಬರೆದುಕೊಂಡರು.

ಬೀದಿಯಲ್ಲಿ ಬಿದ್ದದ್ದನ್ನು ಆರಿಸಿಕೊಂಡು ಭೀಮರಾಜ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬೀರಲಿಂಗೇಶ್ ಹಡಗಲಿ ಬಸ್ಸಿಗಾಗಿ ಕಾಯುತ್ತ ಕಂಬದ ಹತ್ತಿರ ನಿಂತಿದ್ದ. ಹತ್ತು ಪ್ರತಿಯ ಚೀಲ ಹಾಗೇ ಇತ್ತು. ಭೀಮರಾಜ ಎದುರಿಗೆ ಹೋಗಿ ನಿಂತ.

"ನೌಕರಿಗೆ ಏನಾರ ಆದ್ರ?" ಎಂದು ಕೇಳಿದ.

"ಇದು ಗುನ್ನೆ ಅಲ್ಲ ಅಂತ ಕೋರ್ಟಽ ಹೇಳೈತಿ. ಎಲ್ಲೆರ ದೂರ ಒಗದಾರು. ಒಗೀಲಿ."

"ನಂದು ತಪ್ಪಾತು. ನನಗ ಮಾಫ್..."

"ಬ್ಯಾಡ, ಭೀಮರಾಜ." ಹನ್ನೊಂದು ವರ್ಷದ ಹಿಂದೆ ಲೇ ಭೀಮಾ ಅನ್ನುತ್ತಿದ್ದವನು ಪೂರ್ತಿ ಹೆಸರು ಹಿಡಿದ. "ಇವತ್ತ ಮಾಫ್ ಮಾಡೀನಿ ಅಂದ್ರ ನಾನೂ ಸುಳ್ಳ ಹೇಳಿದಂಗ ಆಗತೈತಿ. ನೀ ಬಸ್ಸಿಗೆ ಬರೋದು ಬಿಟ್ಟಿದ್ದಕ್ಕ ನಾ ಒಂದು ಪುಸ್ತಕ ಬರದು ಸಮಾಧಾನ ಮಾಡಿಕೊಂಡೆ. ಹೆದರಿದ್ದಿ, ಇರಲಿ ಅಂದುಕೊಂಡೆ. ಈಗ ಈ ಸೋಪಿನ ಮಾತಿಗೆ ಇನ್ನೊಂದು ಪುಸ್ತಕ ಬರಿಯೋ ಶಕ್ತಿ ನನಗಿಲ್ಲ."

"ಆ ಸಾಲು ಹರದು ಒಗೀಲೇನು? ಗಂಗಾಂಬಿಕಾನ ಕಡೆ ಹೋಗಿ..."

"ಹರೀಬ್ಯಾಡ. ಅದೂ ಇರಲಿ, ಇದೂ ಇರಲಿ. ಓದೋರು ಎರಡೂ ಓದಲಿ."

ಬಸ್ಸು ಬಂತು. ಬೀರಲಿಂಗೇಶ್ ಹತ್ತಿದ. ಕೊನೆಯ ಸೀಟು ಖಾಲಿ ಇತ್ತು. ಅವನು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತ. ಬಸ್ಸು ಹೊರಳಿ ಹೋಯಿತು.

ಮನೆ ತಲುಪುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲು ಬಂದಿತ್ತು. ಗಡಿಗೆ ಬಾಯಿಗೆ ಮುಚ್ಚಳ ಉಂಟು, ಊರ ಬಾಯಿಗೆ ಎಲ್ಲಿಂದ ತರುವುದು? ಅವ್ವ ಜಂಬಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ತಂಬಿಗೆ ತುಂಬ ನೀರು. ಮಗ ಕೆಲಸದಿಂದ ಬಂದರೆ ದಿನಾ ಇಡುವ ನೀರು ಅದು, ಅಭ್ಯಾಸದಿಂದ ಇಟ್ಟಿದ್ದಳು. ಭೀಮರಾಜ ಅಂಗಳದಲ್ಲೇ ನಿಂತ.

"ನಾಕು ಮಂದಿ ಫೋನ್ ಮಾಡಿದ್ರು," ಅಂದಳು. "ಕಂಡಕ್ಟರನ ಜೋಡಿ ಹಿಂಗಿದ್ದ ನಿನ್ನ ಮಗ ಅಂದ್ರು. ಅದು ನನಗ ತಿಳೀದು. ತಿಳಿಯೋ ವಯಸ್ಸೂ ಅಲ್ಲ. ಆ ಮನಷಾ ಒಮ್ಮೆ ಮನಿಗೆ ಬಂದಿದ್ದ, ನಾ ಕೊಟ್ಟ ನೀರು ಕುಡದು ಹೋದ. ಅಷ್ಟು ನೆನಪೈತಿ."

ಭೀಮರಾಜ ಆರಿಸಿ ತಂದ ರಟ್ಟು, ಸುತ್ತಿಗೆ ಕೆಳಗಿಟ್ಟ.

"ಇನ್ನೊಂದು ಅಂದ್ರು. ಅವನ ಪುಸ್ತಕ ಮುಟ್ಟಿ ಕೈ ತೊಳಕೊಂಡೆ ಅಂತ ನೀ ಬರದಿದ್ದಿ ಅಂತ. ಖರೇ ಏನು?"

"ಹೌದವ್ವಾ."

ಜಂಬಕ್ಕ ಬಹಳ ಹೊತ್ತು ಅವನನ್ನೇ ನೋಡಿದಳು. ಎಪ್ಪತ್ತು ದಾಟಿದ ಮುದುಕಿ. ಕಣ್ಣಲ್ಲಿ ನೀರು ಬರಲಿಲ್ಲ.

"ನಿಮ್ಮಪ್ಪ ಹೊಲದ ಚಪ್ಪಲಿ ಮೆಟ್ಟಿಕೊಂಡು ಹೋಗ್ತಿದ್ರು. ನಿಮ್ಮಪ್ಪ ಅಂಗಡಿಗೆ ಹೋದ್ರ, ಕೊಟ್ಟ ರೊಕ್ಕಕ್ಕ ನೀರು ಚಿಮುಕಿಸಿ ತಗೊಂತಿದ್ರು. ಕೈ ಮ್ಯಾಲಿಂದ ಬೊಗಸಿಗೆ ನೀರು ಹೊಯ್ತಿದ್ರು. ಸಾಯೋ ತನಕ ಆ ಮನಷಾ ಒಬ್ಬರಿಗೂ ಆ ಮಾತು ಅಂದಿದ್ದಿಲ್ಲ. ಅವರ ಬಾಯಾಗಿನ ಮಾತು ನಿನ್ನ ಕೈಯಾಗ ಎಲ್ಲಿಂದ ಬಂತಲೇ, ಭೀಮ್ಯಾ?"

ಅವನು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಅತ್ತ. ಅಕ್ಕಪಕ್ಕದವರು ನೋಡುತ್ತಿದ್ದರು. ನೋಡಲಿ ಎಂದು ಅತ್ತ.

ಜಂಬಕ್ಕ ಒಳಗೆ ಹೋದಳು. ರೊಟ್ಟಿ, ಪುಂಡಿಪಲ್ಯ ಹಾಕಿದ ತಾಟು ತಂದು ಅವನ ಮುಂದೆ ಇಟ್ಟಳು. ಅವನು ಒದ್ದೆ ಮುಖ ಎತ್ತಿ, ಅಭ್ಯಾಸದಿಂದ ತಂಬಿಗೆಗೆ ಕೈ ಚಾಚಿದ. ಅವ್ವ ತಂಬಿಗೆಯನ್ನು ಆಚೆ ಸರಿಸಿದಳು.

"ಹಂಗಽ ಉಣ್ಣು. ಇವತ್ತ ತೊಳೀಬ್ಯಾಡ."

ಅವನು ಹಾಗೆಯೇ ರೊಟ್ಟಿ ಮುರಿದ. ಒಣಗಿದ ಅಂಟಿನ ಸಿಪ್ಪೆಯೊಂದು ಬೆರಳಿನಿಂದ ಎದ್ದು ತುತ್ತಿಗೆ ಹತ್ತಿಕೊಂಡಿತು. ಆರಿಸಿ ತೆಗೆಯಲಿಲ್ಲ. ಬಾಯಿಗೆ ಇಟ್ಟುಕೊಂಡು ನುಂಗಿದ.